ಟೊಳ್ಳು ಎಲೆಕ್ಟ್ರಾನ್ ಕಿರಣ ನಡುವಿನ ಪ್ರೋಟಾನ್‌ಗಳನ್ನು ಕೆಡಿಸಲ್ವಾ?

ಹ್ಯಾಲೋ, ಅಂದರೆ ಪ್ರೋಟಾನ್ ಕಿರಣದ ಅಂಚಿನಲ್ಲಿ ಚದುರಿದ ಕಣಗಳನ್ನು ತೆಗೆಯಲು ಕಾಲಿಮೇಟರ್ (ಅಂಥ ಕಣಗಳನ್ನು ತಡೆಯುವ ಸಾಧನ) ದವಡೆಗಳನ್ನೇ ಇನ್ನಷ್ಟು ಹತ್ತಿರ ತಂದರೆ ಸಾಲದೇ, ಎಲೆಕ್ಟ್ರಾನ್ ಲೆನ್ಸ್, ಅಂದರೆ ಪ್ರೋಟಾನ್‌ಗಳ ಸುತ್ತ ಹರಿಸುವ ಟೊಳ್ಳು ಎಲೆಕ್ಟ್ರಾನ್ ಕಿರಣ ಯಾಕೆ, ಅದು ನಡುವಿನ ಪ್ರೋಟಾನ್‌ಗಳನ್ನು ಕೆಡಿಸಲ್ವಾ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ದವಡೆ ಹತ್ತಿರ ಬಂದಷ್ಟೂ ಅದರಲ್ಲಿ ಹುಟ್ಟುವ ವಿದ್ಯುತ್ ಪ್ರವಾಹ ಕಿರಣವನ್ನೇ ಅಲುಗಾಡಿಸುತ್ತದೆ. ಜಿನೀವಾ ಬಳಿಯ ದೈತ್ಯ ಕಣ ವೇಗವರ್ಧಕ ಎಲ್‌ಎಚ್‌ಸಿಯ ಒಂದೊಂದು ಕಿರಣದಲ್ಲೂ 300 ಮೆಗಾಜೂಲ್‌ಗಿಂತ ಜಾಸ್ತಿ ಶಕ್ತಿ ಇರುತ್ತದೆ. ಅದು ಸ್ವಲ್ಪ ಪಕ್ಕಕ್ಕೆ ಸರಿದರೂ ದವಡೆಗೆ ಪೆಟ್ಟು.

ಎಲೆಕ್ಟ್ರಾನ್‌ಗಳದ್ದು ಟೊಳ್ಳು ಕೊಳವೆ, ಅಡ್ಡ ಕೊಯ್ದು ನೋಡಿದರೆ ಬಳೆಯ ಹಾಗೆ. ಪ್ರೋಟಾನ್‌ಗಳು ಅದರ ನಡುವಿನ ಖಾಲಿ ಜಾಗದಲ್ಲಿ ಹಾದುಹೋಗುತ್ತವೆ. ಬಳೆ ಎಲ್ಲ ಕಡೆ ಒಂದೇ ಸಮ ಇದ್ದರೆ ಎಳೆತಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಒಳಗೆ ಬಲ ಸೊನ್ನೆ. ಅಂಚಿನ ಕಣಗಳಿಗೆ ಮಾತ್ರ ಸಣ್ಣ ಏಟು. ಕಣಗಳು ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ ಅಲ್ವಾ, ಸುತ್ತು ಸುತ್ತಿಗೂ ಸೇರುವ ಆ ಸಣ್ಣ ಏಟೇ ಸಾಕು. ಅವು ಮೆಲ್ಲಗೆ ಹೊರಗೆ ಸರಿದು ಕಾಲಿಮೇಟರ್ ಸೇರುತ್ತವೆ.

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕವಲ್ಲ. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದವರು ತಮ್ಮ ಕಣ ವೇಗವರ್ಧಕ ಟೆವಟ್ರಾನ್‌ನಲ್ಲಿ 2010–11ರಲ್ಲಿ ಆಂಟಿಪ್ರೋಟಾನ್ (ಪ್ರೋಟಾನ್‌ನ ಪ್ರತಿಕಣ) ಕಿರಣದ ಮೇಲೆ ಮಾಡಿ ನೋಡಿದರು. ಹ್ಯಾಲೋ ಕರಗಿತು, ನಡುವಿನ ಕಿರಣ ಹಾಗೇ ಉಳಿಯಿತು. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

ನಿಮ್ಮ ಭಯ ನಿಜವಾಗುವುದು ಒಂದೇ ಕಡೆ. ಎಲೆಕ್ಟ್ರಾನ್‌ಗಳು ಒಳಬರುವ, ಹೊರಹೋಗುವ ತಿರುವುಗಳಲ್ಲಿ ಆ ಸಮ ತಪ್ಪುತ್ತದೆ. ಎಲ್‌ಎಚ್‌ಸಿಗೆಂದು ರೂಪಿಸಿದ ಲೆನ್ಸ್‌ಗೆ ಎಸ್ ಆಕಾರ ಕೊಟ್ಟಿದ್ದು, ಒಂದು ತಿರುವಿನ ಏಟನ್ನು ಇನ್ನೊಂದು ತಿರುವು ಅಳಿಸಲಿ ಅಂತಲೇ.