ಹಳೆಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೈನಿಂಗ್ ಮಾಡಿದರೆ ಗಿಟ್ಟುತ್ತದಾ?

ಎರಡು ಆರ್‌ಎಕ್ಸ್ 580 (ಎಎಂಡಿ ಕಂಪನಿಯದು) ಕಾರ್ಡ್ ಸುಮ್ನೆ ಬಿದ್ದಿವೆ, ಅವುಗಳ ದುಡ್ಡು ಯಾವತ್ತೋ ಕೊಟ್ಟು ಮುಗಿದಿದೆ, ಮೈನಿಂಗ್‌ಗೆ, ಅಂದರೆ ಲೆಕ್ಕ ಬಿಡಿಸಿ ಕ್ರಿಪ್ಟೋ ಕಾಯಿನ್ ಗಳಿಸುವ ಕೆಲಸಕ್ಕೆ ಹಾಕಿದರೆ ಬಂದಷ್ಟೂ ಲಾಭ ಅಲ್ವಾ ಎಂದು ಕೇಳಿದ್ದೀರಿ. ಅಲ್ಲ. ಕಾರ್ಡ್ ಪುಕ್ಕಟೆ ಇರಬಹುದು, ಕರೆಂಟ್ ಪುಕ್ಕಟೆ ಅಲ್ಲವಲ್ಲ. ಬಿಲ್ ನೀವೇ ಕಟ್ಟುವುದಾದರೆ ಈಗ ಗಿಟ್ಟುವುದಿಲ್ಲ.

ನಾನು ಇದೇ 580ರ 8 ಜಿಬಿ ಕಾರ್ಡ್ ಆರು ಇಟ್ಟುಕೊಂಡು ಎಥೀರಿಯಂ ಎಂಬ ಕಾಯಿನ್ ಮೈನ್ ಮಾಡುತ್ತಿದ್ದೆ. ಒಂದೊಂದೂ ಸೆಕೆಂಡಿಗೆ ಸುಮಾರು 30 ಮೆಗಾಹ್ಯಾಶ್, ಅಂದರೆ ಮೂರು ಕೋಟಿ ಲೆಕ್ಕ ಕೊಡುತ್ತಿತ್ತು. ಒಂದು ಕಾರ್ಡ್‌ಗೆ 90 ವ್ಯಾಟ್ ಎಂದು ಸಾಫ್ಟ್‌ವೇರ್ ತೋರಿಸುತ್ತಿತ್ತು. ಅದನ್ನೇ ನಂಬಿ ತಿಂಗಳುಗಟ್ಟಲೆ ಲಾಭ ಎಣಿಸಿದೆ. ಬಿಲ್ ಮಾತ್ರ ತಾಳೆ ಆಗುತ್ತಿರಲಿಲ್ಲ. ಕೊನೆಗೆ ಗೋಡೆಯ ಸಾಕೆಟ್‌ಗೆ ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದರೆ ಕಾರ್ಡ್‌ಗೆ 130ರ ಹತ್ತಿರ! ಆ ತಲೆಮಾರಿನ ಎಎಂಡಿ ಕಾರ್ಡ್‌ಗಳು ಚಿಪ್ ಎಳೆಯುವ ವಿದ್ಯುತ್ತನ್ನಷ್ಟೇ ಹೇಳುತ್ತವೆ. ಮೆಮೊರಿ, ಫ್ಯಾನ್, ಪವರ್ ಸಪ್ಲೈನಲ್ಲಿ ಬಿಸಿಯಾಗಿ ಹೋಗುವುದು, ಇದ್ಯಾವುದೂ ಆ ಅಂಕಿಯಲ್ಲಿ ಇರುವುದಿಲ್ಲ.

130 ವ್ಯಾಟ್ ಅಂದರೆ ದಿನಕ್ಕೆ 3.12 ಯೂನಿಟ್. ನಿಮ್ಮ ಎರಡಕ್ಕೆ ತಿಂಗಳಿಗೆ 187 ಯೂನಿಟ್, ಕಂಪ್ಯೂಟರ್ ತಿನ್ನುವುದು ಬೇರೆ. ಇದನ್ನು ನಿಮ್ಮ ದರಕ್ಕೆ ಗುಣಿಸಿ. ಪಕ್ಕದಲ್ಲಿ ವಾಟ್‌ಟುಮೈನ್ ಜಾಲತಾಣ ತೋರಿಸುವ ಇವತ್ತಿನ ಗಳಿಕೆ ಬರೆದು, ಪೂಲ್‌ನವರ (ಹಲವರನ್ನು ಸೇರಿಸಿ ಮೈನ್ ಮಾಡಿಸಿ ಗಳಿಕೆ ಹಂಚುವವರು) ಕಮಿಷನ್ ಶೇ. 1ರಷ್ಟು ಕಳೆಯಿರಿ. ಐದು ನಿಮಿಷದ ಕೆಲಸ.

ಆಗ ಗಿಟ್ಟಿದ್ದು ಈಗ ಯಾಕಿಲ್ಲ ಅಂದರೆ, 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗನ್ನೇ ಕೈಬಿಟ್ಟು ಸ್ಟೇಕಿಂಗ್‌ಗೆ (ಕಾಯಿನ್ ಒತ್ತೆ ಇಟ್ಟು ವಹಿವಾಟು ದೃಢಪಡಿಸುವ ಪದ್ಧತಿ) ಹೋಯಿತು. ಕೆಲಸ ಕಳೆದುಕೊಂಡ ಕಾರ್ಡ್‌ಗಳು ಎಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್, ಎರ್ಗೋ ಎಂಬ ಬೇರೆ ಕಾಯಿನ್‌ಗಳ ಕಡೆ ನುಗ್ಗಿದವು. ದಿನಕ್ಕೆ ಹಂಚುವ ಕಾಯಿನ್ ಅಷ್ಟೇ ಇತ್ತು, ಪಾಲು ಕೇಳುವವರು ಹಲವು ಪಟ್ಟು ಆದರು. ನಾನೂ ಆ ವಾರ ಕ್ಲಾಸಿಕ್‌ಗೆ ಬದಲಿಸಿ ನೋಡಿದೆ. ನಾಲ್ಕೇ ದಿನಕ್ಕೆ ಸ್ವಿಚ್ ಆರಿಸಿದೆ. ಬಿಟ್‌ಕಾಯಿನ್ ಕೇಳಲೇಬೇಡಿ, ಅಲ್ಲಿ ಅದಕ್ಕೆಂದೇ ಮಾಡಿದ ಏಸಿಕ್ ಯಂತ್ರಗಳು 2013ರಿಂದಲೇ ಇವೆ. ಮೊನೆರೋ ಎಂಬ ಕಾಯಿನ್‌ಗೆ ಬೇಕಾಗಿರುವುದು ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಅಲ್ಲ.

"ಕಾಯಿನ್ ಮಾರದೆ ಇಟ್ಟುಕೊಂಡರೆ ಮುಂದೆ ಬೆಲೆ ಏರಬಹುದಲ್ಲ" ಎನ್ನುತ್ತೀರೇನೋ. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಗಳಿಕೆಗಿಂತ ಬಿಲ್ ಜಾಸ್ತಿ ಇರುವಾಗ, ಆ ಬಿಲ್ಲಿನ ದುಡ್ಡಲ್ಲಿ ನೇರ ಕಾಯಿನ್ ಕೊಂಡರೆ ಹೆಚ್ಚು ಬರುತ್ತದೆ. ಫ್ಯಾನ್ ಗದ್ದಲವೂ ಇರಲ್ಲ.

ಕೆಲವರಿಗೆ ಲೆಕ್ಕ ಬೇರೆ. ಸೋಲಾರ್‌ನಲ್ಲಿ ಉಳಿಯುವ ವಿದ್ಯುತ್ತನ್ನು ಗ್ರಿಡ್‌ಗೆ ಮಾರಲು ಆಗದವರು, ಚಳಿಗೆ ಹೇಗೂ ಎಲೆಕ್ಟ್ರಿಕ್ ಹೀಟರ್ ಹಾಕುವವರು. ಕಾರ್ಡ್ ಎಳೆದ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ, ಹೀಟರ್‌ನಲ್ಲಿ ಆಗುವಷ್ಟೇ.

ಅಂಥವರಲ್ಲಿ ನೀವೂ ಒಬ್ಬರಾಗಿದ್ದು ಎರಡನೇ ಕಾರ್ಡನ್ನು ರೈಸರ್ (ಕಾರ್ಡನ್ನು ಮದರ್‌ಬೋರ್ಡ್‌ನಿಂದ ದೂರ ಇಡುವ ಜೋಡಣೆ) ಮೇಲೆ ಕೂರಿಸುವುದಾದರೆ, ಆ ರೈಸರ್‌ಗೆ ಹಾರ್ಡ್ ಡಿಸ್ಕ್‌ಗೆ ಹಾಕುವ ಸಾಟಾ ಕನೆಕ್ಟರ್‌ನಿಂದ ಕರೆಂಟ್ ಕೊಡಬೇಡಿ. ಅದು ತಡೆಯುವುದು 54 ವ್ಯಾಟ್. ಕಾರ್ಡ್ ಸ್ಲಾಟ್‌ನಿಂದ 75ರವರೆಗೆ ಎಳೆಯಬಹುದು. ಒಂದು ರಾತ್ರಿ ಸುಟ್ಟ ಪ್ಲಾಸ್ಟಿಕ್ ವಾಸನೆಗೆ ಎದ್ದು ಹೋಗಿ ನೋಡಿದರೆ, ಬಿಳಿ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ ಪಿನ್ನಿಗೆ ಅಂಟಿಕೊಂಡಿತ್ತು. ಮನೆಯಲ್ಲಿ ಆಮೇಲೆ ಯಾರೂ ನನ್ನ ರಿಗ್ ಬಗ್ಗೆ ಒಳ್ಳೆ ಮಾತಾಡಲಿಲ್ಲ.

ನೀವು ಅಂಥವರಲ್ಲದಿದ್ದರೆ ಕಾರ್ಡ್ ಮಾರಿಬಿಡಿ. 8 ಜಿಬಿಯದ್ದಾದರೆ 1080ಪಿ ಗೇಮ್ ಆಡುವವರು ಕೊಳ್ಳುತ್ತಾರೆ. ಮೈನಿಂಗ್‌ಗೆಂದು ಬಯಾಸ್ (ಕಾರ್ಡ್‌ನೊಳಗಿನ ಸಾಫ್ಟ್‌ವೇರ್) ತಿದ್ದಿದ್ದರೆ ಕೊಡುವ ಮುಂಚೆ ಮೂಲ ಬಯಾಸ್ ವಾಪಸ್ ಹಾಕಿ. ನಾನು ಒಂದು ಕಾರ್ಡ್‌ಗೆ ಹಾಕಲು ಮರೆತು, ಗೇಮ್ ನಡುವೆ ಸ್ಕ್ರೀನ್ ಕಪ್ಪಾಗುತ್ತೆ ಅಂತ ಕೊಂಡವರು ಮೂರೇ ದಿನಕ್ಕೆ ತಂದು ಕೊಟ್ಟರು.