ಐಸ್ ಹಾಕಿ: ಹೊಡೆದಾಟಕ್ಕೂ ಒಂದು ಮರ್ಯಾದೆ ಇದ್ಯಾ?

ಪ್ರಶ್ನೆ: 2025ರ ಫೆಬ್ರವರಿಲಿ ಮಾಂಟ್ರಿಯಲ್‌ನಲ್ಲಿ ನಡೆದ ಅಮೆರಿಕ-ಕೆನಡಾ ಐಸ್ ಹಾಕಿ ಮ್ಯಾಚಿನ ವಿಡಿಯೋ ನೋಡ್ದೆ. ಶುರುವಾಗಿ 9 ಸೆಕೆಂಡಲ್ಲಿ 3 ಫೈಟು! ರೆಫರಿಗಳು ಸುಮ್ನೆ ನಿಂತಿದ್ರು. ಇದೆಲ್ಲ ಮೊದಲೇ ಮಾತಾಡ್ಕೊಂಡು ಮಾಡೋ ನಾಟಕನಾ?

ಉತ್ತರ: ನಾಟಕ ಅಲ್ಲ ಸ್ವಾಮಿ, ಬೀಳೋ ಏಟು ನಿಜವಾದ ಏಟೇ. ಆದ್ರೆ ಮಾತಾಡ್ಕೊಳ್ಳೋದಂತೂ ಹೌದು. ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗಲ್ಲಿ ಫೈಟ್ ಮಾಡಿದ್ರೆ 5 ನಿಮಿಷ ಪೆನಾಲ್ಟಿ ಬಾಕ್ಸಲ್ಲಿ ಕೂರಿಸ್ತಾರೆ, ಇಬ್ಬರೂ ಒಟ್ಟಿಗೆ ಹೋಗೋದ್ರಿಂದ ಯಾವ ಟೀಮಿಗೂ ಆಳು ಕಮ್ಮಿ ಆಗಲ್ಲ, 1922ರಿಂದ ಈ 5 ನಿಮಿಷದ ಲೆಕ್ಕ ನಡ್ಕೊಂಡು ಬಂದಿದೆ. ಲೈನ್ಸ್‌ಮನ್‌ಗಳು, ಅಂದ್ರೆ ಜಗಳ ಬಿಡಿಸೋ ಸಹಾಯಕ ರೆಫರಿಗಳು, ಸುಮ್ನೆ ನಿಂತಿರೋದಲ್ಲ, ಇಬ್ಬರಲ್ಲಿ ಒಬ್ಬ ಬೀಳ್ಲಿ ಇಲ್ಲಾ ಸುಸ್ತಾಗ್ಲಿ ಅಂತ ಕಾಯ್ತಿರ್ತಾರೆ. ನಡುವೆ ನುಗ್ಗಿ ಒಬ್ಬನ ಕೈ ಹಿಡಿದ್ರೆ ಇನ್ನೊಬ್ಬ ಪುಕ್ಕಟೆ ನಾಲ್ಕು ಬಿಡ್ತಾನಲ್ಲ! ಮೂರನೇ ಆಟಗಾರ ಒಳಗೆ ಬಂದ್ರೆ ಮಾತ್ರ ಅವನು ಮ್ಯಾಚಿಂದಲೇ ಔಟ್.

ಇದಿಷ್ಟು ನಿಯಮದ ಪುಸ್ತಕದಲ್ಲಿರೋದು. ಪುಸ್ತಕದಲ್ಲಿ ಇಲ್ಲದ್ದನ್ನ ಆಟಗಾರರು 'ಕೋಡ್' ಅಂತಾರೆ. ಮೊದಲು ಕೇಳ್ಬೇಕು, 'ಬರ್ತೀಯಾ?' ಅಂತ. ಅವನು ಒಪ್ಪಿದ ಮೇಲೆ ಇಬ್ಬರೂ ಸ್ಟಿಕ್, ಗ್ಲೌಸ್ ಬಿಸಾಕ್ಬೇಕು. ಬಿದ್ದವನಿಗೆ ಹೊಡೆಯೋ ಹಂಗಿಲ್ಲ, ಹಿಂದಿನಿಂದ ಹೊಡೆಯೋ ಹಂಗಿಲ್ಲ, ಆಡಿ ಆಡಿ ಉಸಿರು ಕಟ್ಟಿ ಬೆಂಚಿಗೆ ಹೋಗ್ತಿರೋನನ್ನ ಕೆಣಕೋ ಹಂಗಿಲ್ಲ. 2006ರಲ್ಲಿ ಜಾರ್ಜ್ ಲರಾಕ್ ಅನ್ನೋ ಭಾರಿ ಆಳು ಹೊಡೆದಾಟಕ್ಕೆ ಮುಂಚೆ ಎದುರಾಳಿಗೆ 'ಗುಡ್ ಲಕ್' ಹೇಳಿದ್ದು ಅವನಿಗೆ ಹಾಕಿದ್ದ ಮೈಕಲ್ಲಿ ರೆಕಾರ್ಡ್ ಆಗಿದೆ, ಕೇಳಿದ್ರೆ ನಗು ಬರತ್ತೆ. ನಂಗೆ ಇದ್ರಲ್ಲಿ ಜಾಣತನ ಅನ್ಸೋದು ಬೇರೆ: ಬೇಡ ಅನ್ನೋಕೂ ದಾರಿ ಇಟ್ಟಿದ್ದಾರೆ. ಸೋಲ್ತಿರೋ ಟೀಮಿನವನು ಟೀಮಿಗೆ ಹುರುಪು ತುಂಬೋಕೆ ಕಾಲು ಕೆರ್ಕೊಂಡು ಬಂದ್ರೆ ಗೆಲ್ತಿರೋ ಟೀಮಿನವನು 'ನಂಗ್ಯಾಕಪ್ಪ' ಅಂತ ಜಾರ್ಕೊಬೋದು, ಅವನನ್ನ ಯಾರೂ ಹೇಡಿ ಅನ್ನಲ್ಲ.

ಪ್ರಶ್ನೆ: ಇಷ್ಟೆಲ್ಲ ನೀತಿ ಇದ್ರೆ ಆಟಗಾರರ ಬದುಕು ಹಾಳಾಗೋದು ಹೇಗೆ?

ಉತ್ತರ: ಕೋಡ್‌ನಲ್ಲೇ ಒಂದು ವಿಷ ಇದೆ, ಅದು ಸೇಡು. ನಮ್ಮ ಸ್ಟಾರ್‌ಗೆ ಡಿಕ್ಕಿ ಹೊಡೆದವನು ಉತ್ತರ ಕೊಡ್ಲೇಬೇಕು ಅನ್ನೋದು. 2004ರ ಫೆಬ್ರವರಿಲಿ ಕೊಲರಾಡೊ ಟೀಮಿನ ಸ್ಟೀವ್ ಮೂರ್, ವ್ಯಾಂಕೂವರ್ ಟೀಮಿನ ಕ್ಯಾಪ್ಟನ್ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದಿದ್ದ. ಮಾರ್ಚ್ 8ರ ಮ್ಯಾಚಲ್ಲಿ ಮೂರ್ ಒಂದು ಫೈಟ್ ಮಾಡಿ ಲೆಕ್ಕ ತೀರಿಸಿದ್ದೂ ಆಯ್ತು. ಅಷ್ಟಕ್ಕೂ ಸಾಲದೆ ವ್ಯಾಂಕೂವರ್‌ನ ಟಾಡ್ ಬರ್ಟುಝಿ ಮತ್ತೆ ಕರೆದ, ಮೂರ್ ತಿರುಗಿ ನೋಡ್ಲಿಲ್ಲ, ಆಗ ಹಿಂದಿನಿಂದ ಜರ್ಸಿ ಹಿಡ್ದು ಗುದ್ದಿ ಐಸ್ ಮೇಲೆ ಕೆಡವಿದ. ಮೂರ್ ಕತ್ತಿನ ಮೂಳೆ ಮುರಿದು ಕರಿಯರ್ರೇ ಮುಗೀತು. ಕೋಡ್ ಉಳಿಸೋಕೆ ಹೋಗಿ ಕೋಡನ್ನೇ ಮುರಿದದ್ದು!

ಇನ್ನೊಂದು, ಈ ಜಗಳ ಬಹಳ ಸಲ ಹೊಡೆದಾಡೋರ ಸ್ವಂತ ಜಗಳ ಅಲ್ವೇ ಅಲ್ಲ. ಎನ್‌ಫೋರ್ಸರ್ ಅಂತ, ಟೀಮಿನ ಸ್ಟಾರ್‌ಗಳ ಪರವಾಗಿ ಹೊಡೆದಾಡೋ ಒಂದು ಕೆಲಸನೇ ಇತ್ತು. ಐಸ್ ಹಾಕಿಯ ದೊಡ್ಡ ಸ್ಟಾರ್ ವೇಯ್ನ್ ಗ್ರೆಟ್ಸ್‌ಕಿ 1988ರಲ್ಲಿ ಎಡ್ಮಂಟನ್ ಟೀಮ್ ಬಿಟ್ಟು ಲಾಸ್ ಏಂಜಲೀಸ್ ಟೀಮಿಗೆ ಹೋದಾಗ ಅವನ ಕಾವಲುಗಾರ ಮಾರ್ಟಿ ಮೆಕ್‌ಸೋರ್ಲಿನೂ ಜೊತೆಗೆ ಹೋದ. ಸ್ಟಾರ್‌ಗಳು ಚೆನ್ನಾಗಿ ಆಡ್ಲಿ ಅಂತ ಏಟು ತಿಂದೋರು ಇವರು. ಇಂಥದ್ದೇ ಎನ್‌ಫೋರ್ಸರ್ ಡೆರೆಕ್ ಬೂಗಾರ್ಡ್ 2011ರಲ್ಲಿ ಬರೀ 28ನೇ ವಯಸ್ಸಿಗೆ ನೋವಿನ ಮಾತ್ರೆ, ಮದ್ಯ ಸೇರಿ ಸತ್ತ, ಆಮೇಲೆ ಮೆದುಳು ಪರೀಕ್ಷೆ ಮಾಡಿದಾಗ ತಲೆಗೆ ಪದೇಪದೇ ಏಟು ಬಿದ್ದೋರಲ್ಲಿ ಕಾಣೋ ಸಿಟಿಇ ಅನ್ನೋ ಮೆದುಳಿನ ಕಾಯಿಲೆ ಸಿಕ್ತು. ಗುಡ್ ಲಕ್ ಹೇಳಿ ಹೊಡೆದ್ರೂ ಮೆದುಳಿಗೆ ಅದು ಏಟೇ ಅಲ್ವಾ?

ಪ್ರಶ್ನೆ: ಒಲಿಂಪಿಕ್ಸಲ್ಲಿ ಯಾಕೆ ಹೀಗೆ ಹೊಡೆದಾಡಲ್ಲ?

ಉತ್ತರ: ಅಲ್ಲಿ ಹೊಡೆದಾಡಿದ್ರೆ 5 ನಿಮಿಷಕ್ಕೆ ಮುಗಿಯಲ್ಲ, ಮ್ಯಾಚಿಂದಲೇ ಆಚೆ. ಇರೋದೇ ಕೆಲವು ಮ್ಯಾಚು, ಯಾರು ಕಳ್ಕೊತಾರೆ? ನೀವು ನೋಡಿದ ಮಾಂಟ್ರಿಯಲ್ ಮ್ಯಾಚು ಎನ್‌ಎಚ್‌ಎಲ್ ನಡೆಸಿದ್ದು, ಅದಕ್ಕೇ ಆ ಆರೂ ಜನ ಬಾಕ್ಸಲ್ಲಿ ಕೂತೆದ್ದು ಮತ್ತೆ ಆಡಿದ್ರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೂನಿಯರ್ ಲೀಗ್ ಮಾತ್ರ 2023ರಿಂದ ಹೊಡೆದಾಡಿದ ಹುಡುಗ್ರನ್ನ ನೇರ ಆಚೆ ಕಳಿಸ್ತಿದೆ.