ಆ ಜಾಗಕ್ಕೆ ಏನಂತ ಹೇಳಿಕೊಡೋದು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲೆ ಇದ್ದವು: ಮಕ್ಕಳಿಗೆ ಗುಪ್ತಾಂಗಗಳ ಹೆಸರು ಹೇಳಿಕೊಡುವುದು. ಹಾಗಾಗಿ ಕೆಮ್ಮು, ನೆಗಡಿ, ಊಟಕ್ಕೆ ಹಟ ಮಾಡುವ ಮಕ್ಕಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟರ್ ಅಕ್ಕಾ, ನಮಸ್ಕಾರ. ನನ್ನ ಮಗಳಿಗೆ ಮೂರು ವರ್ಷ. ಮೊನ್ನೆ ಜಳಕ ಮಾಡಿಸುವಾಗ ಕೆಳಗೆ ತೋರಿಸಿ 'ಅವ್ವಾ, ಇದಕ್ಕೇನಂತಾರ?' ಅಂತ ಕೇಳಿದಳು. 'ಸುಸು ಮಾಡೂ ಜಾಗ' ಅಂದೆ. 'ಅಲ್ಲ, ಅದರ ಹೆಸರೇನು?' ಅಂತ ಬಿಡಲೇ ಇಲ್ಲ. ಕೊನೆಗೆ 'ಯೋನಿ' ಅಂತ ಹೇಳಿದೆ. ಬಚ್ಚಲ ಹೊರಗಿದ್ದ ನಮ್ಮ ಅತ್ತಿ ಕೇಳಿಸಿಕೊಂಡು, 'ಏನ್ ಕಲಸಾಕತ್ತೀ ಕೂಸಿಗೆ? ನಾಚಿಕಿ ಬರೂದಿಲ್ಲೇನ ನಿನಗ?' ಅಂತ ಬೈದು ಮಾತೇ ಬಿಟ್ಟಿದ್ದಾರೆ. ನಾನು ಮಾಡಿದ್ದು ತಪ್ಪಾ?
— ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ತಪ್ಪಲ್ಲ ತಂಗಿ. ಮಗು ಕೇಳಿತು, ನೀವು ಹೇಳಿದಿರಿ, ಅಷ್ಟೇ. ಸರಿಯಾದ ವಯಸ್ಸಿನಲ್ಲೇ ಹೇಳಿದ್ದೀರಿ. ಎರಡು-ಮೂರು ವರ್ಷಕ್ಕೆ ಮಕ್ಕಳು ಕಣ್ಣು, ಕಿವಿ, ಹೊಕ್ಕಳು ಅಂತ ಕಲಿಯುವಾಗಲೇ ಇದನ್ನೂ ಸೇರಿಸಿಬಿಟ್ಟರೆ ಅವಕ್ಕೆ ಏನೂ ವಿಶೇಷ ಅನ್ನಿಸುವುದಿಲ್ಲ. ನಾಚಿಕೆ ನಮ್ಮದು, ಅವರದ್ದಲ್ಲ. ಹತ್ತು ವರ್ಷಕ್ಕೆ ಕೂರಿಸಿಕೊಂಡು ಹೇಳಲು ಹೋಗಿ ನೋಡಿ, ಆಗ ಇಬ್ಬರಿಗೂ ಬೆವರು ಬರುತ್ತೆ.

ಯಾವ ಮಾತು ಹೇಳಬೇಕು ಅನ್ನೋದೇ ಎಲ್ಲರ ತೊಡಕು. ನಮ್ಮ ಕಡೆ ಈ ಅಂಗಗಳಿಗೆ ಹೆಸರಿಗೇನು ಬರ ಇಲ್ಲ, ಆದರೆ ಅರ್ಧದಷ್ಟು ಬೈಗುಳಕ್ಕೆ ಹೋಗಿಬಿಟ್ಟಿವೆ, ಇನ್ನರ್ಧ ಒಂದೊಂದು ಮನೆಯಲ್ಲಿ ಒಂದೊಂದು. ಹುಡುಗರಿಗೆ ಗುಬ್ಬಿ, ಮೆಣಸಿನಕಾಯಿ. ಹುಡುಗಿಯರಿಗೆ ಎಷ್ಟೋ ಮನೆಗಳಲ್ಲಿ ಹೆಸರೇ ಇಲ್ಲ, ಬರೀ 'ಛೀ'. ಉಳಿದದ್ದು ಪುಸ್ತಕದ ಮಾತು: ಶಿಶ್ನ, ವೃಷಣ, ಯೋನಿ, ಗುದ. ಕಿವಿಗೆ ಸ್ವಲ್ಪ ಬಿಗಿ ಅನ್ನಿಸಬಹುದು, ಆದರೆ ಇವು ಬೈಗುಳವಲ್ಲ, ಟೀಚರಿಗೂ ಡಾಕ್ಟರಿಗೂ ಪೊಲೀಸರಿಗೂ ಅರ್ಥ ಆಗುತ್ತವೆ. ಹಿಂದಿನದಕ್ಕೆ ಕುಂಡಿ ಅಂತ ನಾವು ಹೆಂಗೂ ಆರಾಮಾಗಿ ಅಂತೀವಿ, ಅದು ಇರಲಿ. ಹುಡುಗಿಯರ ಹೊರಭಾಗಕ್ಕೂ ಒಳಭಾಗಕ್ಕೂ ವೈದ್ಯಶಾಸ್ತ್ರದಲ್ಲಿ ಬೇರೆ ಬೇರೆ ಹೆಸರಿವೆ, ಮೂರು ವರ್ಷದ ಮಗುವಿಗೆ 'ಯೋನಿ' ಒಂದೇ ಸಾಕು. ಆರೇಳು ವರ್ಷಕ್ಕೆ ಉಚ್ಚೆ ಬರುವ ದಾರಿ ಬೇರೆ, ಯೋನಿ ಬೇರೆ, ಗುದ ಬೇರೆ ಅಂತ ಹೇಳಿದರೆ ಆಯಿತು. ಮನೆಯ ಮುದ್ದಿನ ಮಾತು ಬಿಡಲೇಬೇಕು ಅಂತ ನಾನು ಹೇಳುವುದಿಲ್ಲ. ಅದರ ಜೊತೆ ಇದೂ ಗೊತ್ತಿರಲಿ. ಬೇರೆ ಊರಿನ ಟೀಚರ್ ಹತ್ತಿರ ಮಗು 'ಗುಬ್ಬಿ ನೋಯ್ತದ' ಅಂದರೆ ಅವರಿಗೇನು ಗೊತ್ತಾಗಬೇಕು?

ನನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳದ್ದೇ ಹೇಳುತ್ತೇನೆ. 'ಹೊಟ್ಟೆ ನೋವು ಅಂತಾಳ್ರೀ' ಅಂತ ಕರೆದುಕೊಂಡು ಬರುತ್ತಾರೆ, ಮನೆಯಲ್ಲಿ ಅಜವಾನದ ನೀರು ಕುಡಿಸಿ ಆಗಿರುತ್ತೆ. ಪರೀಕ್ಷೆ ಮಾಡಿದರೆ ಉಚ್ಚೆಯ ಸೋಂಕು. ಉರಿ ಇರೋದು ಕೆಳಗೆ, ಮಗುವಿಗೆ ಗೊತ್ತಿರೋ ಹತ್ತಿರದ ಹೆಸರು ಹೊಟ್ಟೆ, ಅದಕ್ಕೆ ಅದನ್ನೇ ಹೇಳಿದೆ! ಹುಡುಗಿಯರಲ್ಲಿ ಮೂತ್ರನಾಳ ಗಿಡ್ಡ ಇರುವುದರಿಂದ ಈ ಸೋಂಕು ಜಾಸ್ತಿ. ನೆಗಡಿ, ಕೆಮ್ಮು ಏನೂ ಇಲ್ಲದೆ ಜ್ವರ ಬಂದರೆ ಚಿಕ್ಕ ಮಕ್ಕಳಲ್ಲಿ ಉಚ್ಚೆ ಪರೀಕ್ಷೆ ಮಾಡಿಸಲೇಬೇಕು. ಇನ್ನು ಕೆಲವು ಮಕ್ಕಳು ರಾತ್ರಿ ಗುದದ ಹತ್ತಿರ ತುರಿಕೆ ಅಂತ ನಿದ್ದೆ ಮಾಡುವುದಿಲ್ಲ. ಅದು ದಾರದಂತಹ ಸಣ್ಣ ಹುಳ, ರಾತ್ರಿ ಹೊರಗೆ ಬಂದು ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಂದು ಗುಳಿಗೆ, ಎರಡು ವಾರ ಬಿಟ್ಟು ಇನ್ನೊಂದು, ಮನೆಯವರೆಲ್ಲರಿಗೂ. ಮಗು ಎಲ್ಲಿ ಅಂತ ಹೇಳಿದರೆ ಐದು ನಿಮಿಷದ ಕೆಲಸ. ಹೇಳದಿದ್ದರೆ 'ಮಲಗವಲ್ಲದು, ಹಟಮಾರಿ' ಅಂತ ಎರಡು ಏಟು ತಿನ್ನುತ್ತೆ ಪಾಪ.

ಅತ್ತೆಯವರ ಜೊತೆ ಜಗಳಕ್ಕೆ ಇಳಿಯಬೇಡಿ. ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಬಹುಶಃ ಅವರೇ, ನೋವು ಆದರೆ ಮಗು ಮೊದಲು ಓಡುವುದೂ ಆಯಿಯ ಹತ್ತಿರವೇ. ಹಾಗಾಗಿ ಆ ಮಾತು ಆಯಿಗೂ ಗೊತ್ತಿರಬೇಕು ಅಲ್ವಾ? 'ಅತ್ತಿ, ಉರೀತದ ಅಂದ್ರ ಎಲ್ಲಿ ಅಂತ ನಿಮಗ ತಿಳೀಬೇಕಲ್ಲ, ಅದಕ್ಕ ಹೇಳೇನಿ' ಅಂತ ಅಂದು ನೋಡಿ. ಅವರ ಕಾಲದಲ್ಲಿ ಅವರಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ, ಮುಟ್ಟು ಬಂದಾಗ ಎಷ್ಟು ಹೆದರಿದ್ದರೋ. ಬಿಡುವಿದ್ದಾಗ ಅದನ್ನೂ ಕೇಳಿ, ಬೇಕಾದಷ್ಟು ಕಥೆ ಹೇಳುತ್ತಾರೆ. 'ಯೋನಿ' ಅನ್ನಲು ಅವರಿಗೆ ಬಾಯಿ ಬರದಿದ್ದರೂ ಚಿಂತೆಯಿಲ್ಲ. 'ಛೀ' ಅನ್ನದಿದ್ದರೆ ಸಾಕು. ದಿನಾ ಛೀ, ಶೇಮ್ ಶೇಮ್ ಅಂತ ಕೇಳಿ ಬೆಳೆದ ಮಗು ಈ ಜಾಗದ ಬಗ್ಗೆ ಮಾತಾಡಬಾರದು ಅಂತ ಕಲಿತುಬಿಡುತ್ತೆ. ನಾಳೆ ಯಾರಾದರೂ ಕೆಟ್ಟವರು 'ಯಾರಿಗೂ ಹೇಳಬೇಡ' ಅಂದರೆ ಅವರ ಅರ್ಧ ಕೆಲಸ ನಾವೇ ಮುಗಿಸಿಕೊಟ್ಟ ಹಾಗೆ.

ಪ್ರಶ್ನೆ: ಮೇಡಂರಿಗೆ ನಮಸ್ಕಾರ. ನನ್ನ ಮಗ ಐದು ವರ್ಷದವನು. ನಾನೇ ಎಲ್ಲ ಹೆಸರು ಹೇಳಿಕೊಟ್ಟೆ. ಈಗ ನೋಡಿದರೆ ಬೀಗರ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ 'ನನಗ ಶಿಶ್ನ ಐತಿ, ಅಕ್ಕಗ ಇಲ್ಲ' ಅಂತ ಜೋರಾಗಿ ಹೇಳಿದ. ಎಲ್ಲರೂ ನಕ್ಕರು, ನನ್ನ ಮಾನ ಹೋಯಿತು. ಹೇಳಿಕೊಟ್ಟಿದ್ದೇ ಜಾಸ್ತಿ ಆಯಿತೇನೋ ಅನ್ನಿಸುತ್ತಿದೆ. ಗಂಡು ಹುಡುಗನಿಗೆ ಇದೆಲ್ಲ ಬೇಕಾ?
— ಒಬ್ಬ ತಂದೆ, ವಿಜಯಪುರ

ಉತ್ತರ: ಮಾನ ಹೋಗಿಲ್ಲ ಸರ್, ಹೋಳಿಗೆ ಬಡಿಸುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಹೊಸ ಮಾತು ಕಲಿತ ಮಗು ಅದನ್ನು ಎಲ್ಲ ಕಡೆ ಹೇಳಿ ನೋಡುತ್ತೆ. ನೀವು ಬೈದರೆ ಇದರಲ್ಲಿ ಏನೋ ಮಜಾ ಇದೆ ಅಂತ ಇನ್ನೂ ನಾಲ್ಕು ಸಲ ಹೇಳುತ್ತಾನೆ. 'ಹೌದಪ್ಪಾ, ಖರೆ ಐತಿ. ಇದನ್ನ ಮನ್ಯಾಗ ಮಾತಾಡೂಣು, ಈಗ ಉಣ್ಣು' ಅಂದರೆ ಮುಗಿಯಿತು. ಕೆಟ್ಟ ಮಾತು ಅನ್ನಬೇಡಿ, ಮನೆಯ ಮಾತು ಅನ್ನಿ.

ಗಂಡು ಹುಡುಗನಿಗೆ ಬೇಕಾ ಅಂದಿರಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅವರಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಅಂದರು, ಅಂಥವರಲ್ಲಿ ಹುಡುಗರೇ ಹುಡುಗಿಯರಿಗಿಂತ ಸ್ವಲ್ಪ ಜಾಸ್ತಿ. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಗುರುತಿನವರೇ. ನಾವು ಮಾತ್ರ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ, ಮಗನನ್ನು ಓಣಿಗೆ ಬಿಟ್ಟು ನಿಶ್ಚಿಂತೆಯಿಂದ ಇರುತ್ತೇವೆ.

ಇನ್ನೊಂದು, ಇದು ನನಗೆ ಸಿಟ್ಟು ಬರೋ ವಿಷಯ. ಗಂಡು ಮಗುವಿನ ಚಡ್ಡಿ ಎಳೆದು 'ನಿಂದು ಕಾಗಿ ಒಯ್ತು' ಅನ್ನೋದು, 'ಕೊಯ್ಯಲೇನು?' ಅಂತ ಕತ್ತರಿ ತೋರಿಸಿ ಅಳಿಸೋದು, ಎಲ್ಲರೂ ಸೇರಿ ನಗೋದು. ಕಾಕಾ, ಮಾಮಾ, ಪಕ್ಕದ ಮನೆಯ ಅಜ್ಜ, ಯಾರೂ ಇದಕ್ಕೆ ಹೊರತಲ್ಲ. ಸುಮ್ನೆ ಚೇಷ್ಟೆ ಅಂತಾರೆ. ಆದರೆ ದೊಡ್ಡವರು ಅಲ್ಲಿ ಕೈ ಹಾಕಿದರೆ ಅದು ನಗುವ ವಿಷಯ, ಅಳಬಾರದು ಅಂತ ಆ ಹುಡುಗ ಕಲಿಯುತ್ತಾನೆ. ಹಿರಿಯರಾದರೂ ಸರಿ, 'ಕಾಕಾ, ಇದೊಂದ ಬ್ಯಾಡ್ರಿ' ಅಂತ ಮಗನ ಎದುರಿಗೇ ಹೇಳಿ. ನೀವು ಹೇಳಿದ್ದನ್ನು ಅವನು ನೋಡಬೇಕು.

ಕೇಳದೆ ಇದ್ದರೂ ಹೇಳಿಬಿಡುತ್ತೇನೆ. ಎಣ್ಣೆ ಹಚ್ಚಿ ಎರೆಯುವಾಗ ಶಿಶ್ನದ ತುದಿಯ ಚರ್ಮವನ್ನು ಹಿಂದಕ್ಕೆ ಎಳೆಯುವ ರೂಢಿ ಕೆಲವು ಮನೆಗಳಲ್ಲಿದೆ. ಬೇಡ. ಚಿಕ್ಕ ಮಕ್ಕಳಲ್ಲಿ ಅದು ಅಂಟಿಕೊಂಡಿರುವುದು ಸಹಜ, ಬೆಳೆದ ಹಾಗೆ ತಾನೇ ಬಿಡುತ್ತೆ. ಬಲವಂತ ಮಾಡಿದರೆ ಗಾಯ ಆಗಿ ಆಮೇಲೆ ನಿಜವಾದ ತೊಂದರೆ ಶುರುವಾಗುತ್ತೆ. ಉಚ್ಚೆ ಹೊಯ್ಯುವಾಗ ತುದಿ ಉಬ್ಬಿ ನೋವಾದರೆ, ಕೆಂಪಾಗಿ ಊದಿದರೆ ತೋರಿಸಿ.

ಪ್ರಶ್ನೆ: ಅಕ್ಕಾವ್ರೆ, ನಾವಿಬ್ಬರೂ ಮಗ್ಗದ ಕೆಲಸಕ್ಕೆ ಹೋಗುತ್ತೇವೆ. ಆರು ವರ್ಷದ ಮಗಳು ಸಾಲಿ ಬಿಟ್ಟ ಮೇಲೆ ಪರಿಚಯದವರ ಮನೆಯಲ್ಲಿ ಇರುತ್ತಿದ್ದಳು. ಈಗ ಅಲ್ಲಿಗೆ ಹೋಗಲ್ಲ ಅಂತ ಅಳುತ್ತಾಳೆ. ಯಾಕೆ ಅಂದರೆ 'ಅಲ್ಲಿ ಮಾಮಾ ಚಲೋ ಇಲ್ಲ' ಅಂತಾಳೆ, ಮತ್ತೇನೂ ಹೇಳುವುದಿಲ್ಲ. ಕೇಳಿ ಕೇಳಿ ಸಾಕಾಗಿದೆ, ಒಂದು ದಿನ ಬೈದೂ ಬಿಟ್ಟೆ. ಅವಳಿಗೆ ಇಂಥ ಹೆಸರು ಯಾವುದೂ ಹೇಳಿಕೊಟ್ಟಿಲ್ಲ. ಈಗ ಏನು ಮಾಡಲಿ?
— ಒಬ್ಬ ತಾಯಿ, ರಬಕವಿ-ಬನಹಟ್ಟಿ

ಉತ್ತರ: ಇವತ್ತಿನಿಂದಲೇ ಆ ಮನೆಗೆ ಕಳಿಸುವುದು ನಿಲ್ಲಿಸಿ. ಅದಕ್ಕೆ ಸಾಕ್ಷಿ, ಪುರಾವೆ ಏನೂ ಬೇಕಾಗಿಲ್ಲ, ಮಗು ಬೇಡ ಅಂದಿದೆ, ಅಷ್ಟು ಸಾಕು. ಕೂಲಿ ಹೋಗುತ್ತೆ ಅಂತ ಗೊತ್ತು. ಆದರೂ ಸದ್ಯಕ್ಕೆ ಯಾರಾದರೂ ಒಬ್ಬರು ಮನೆಯಲ್ಲಿರಿ, ಇಲ್ಲವೇ ತವರಿನಿಂದ ಯಾರನ್ನಾದರೂ ಕರೆಸಿಕೊಳ್ಳಿ.

ಆಮೇಲೆ, ಕೇಳುವುದನ್ನು ಬಿಡಿ. ಪದೇ ಪದೇ ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರ ಕೊಡುತ್ತಾರೆ ಅಥವಾ ಬಾಯಿ ಮುಚ್ಚುತ್ತಾರೆ. 'ಅಂವಾ ಇಲ್ಲಿ ಮುಟ್ಟಿದನೇನು?' ಅಂತ ನಾವೇ ಮಾತು ಬಾಯಿಗೆ ಹಾಕಬಾರದು. ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ ಹತ್ತಿರ ಕೂರಿಸಿಕೊಳ್ಳಿ. 'ಅವತ್ತು ಬೈದೆ, ಇನ್ನ ಬೈಯೂದಿಲ್ಲ. ನೀ ಏನ್ ಹೇಳಿದ್ರೂ ಕೇಳತೀನಿ' ಅಂತ ಒಂದು ಸಲ ಅಂದು ಸುಮ್ಮನಿರಿ. ಹೆಸರುಗಳನ್ನು ಈಗಲೂ ಹೇಳಿಕೊಡಬಹುದು, ಆ ಮನೆಯ ಸುದ್ದಿ ತೆಗೆಯದೆ, ಜಳಕದ ಹೊತ್ತಿನಲ್ಲಿ, ಎಲ್ಲ ಅಂಗಗಳ ಜೊತೆಯಲ್ಲಿ. ಅವಳಿಗೆ ಮಾತು ಸಿಕ್ಕ ಮೇಲೆ ಹೇಳುವುದಿದ್ದರೆ ತಾನಾಗಿಯೇ ಹೇಳುತ್ತಾಳೆ. ಹೇಳಿದರೆ ನಂಬಿ, 'ನೀ ಹೇಳಿದ್ದು ಚಲೋ ಆತು, ನಿನ್ನ ತಪ್ಪಿಲ್ಲ' ಅನ್ನಿ, ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದಿಡಿ. ಅವಳೆದುರು ಅಳಬೇಡಿ, ಆ ಮನುಷ್ಯನ ಮನೆಗೆ ಜಗಳಕ್ಕೆ ಓಡಬೇಡಿ. ಏನೂ ಆಗಿರಲಿಕ್ಕಿಲ್ಲ, ಆತ ಗದರಿಸಿರಬಹುದು ಅಷ್ಟೇ. ಹಾಗಿದ್ದರೂ ನೀವು ಮಾಡಿದ್ದರಲ್ಲಿ ನಷ್ಟವೇನಿಲ್ಲ.

ಆಗಿದೆ ಅಂತ ತಿಳಿದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ. ಅವಸರ ಇದ್ದರೆ 112. ಪೊಲೀಸ್ ಸ್ಟೇಷನ್ನಿಗೆ ಮಗುವನ್ನು ಹೇಗೆ ಕರೆದುಕೊಂಡು ಹೋಗೋದು ಅಂತ ಎಷ್ಟೋ ತಾಯಂದಿರು ಹಿಂದೆ ಸರಿಯುತ್ತಾರೆ. ಹೋಗಬೇಕಾಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಇಷ್ಟವಾದ ಕಡೆ ಬರೆದುಕೊಳ್ಳಬೇಕು. ಸಾಧ್ಯವಾದಷ್ಟು ಮಹಿಳಾ ಎಸ್‌ಐ ಬರಬೇಕು, ಅದೂ ಸಮವಸ್ತ್ರ ಇಲ್ಲದೆ. ಮಗುವಿಗೆ ನಂಬಿಕೆಯಿರುವವರು ಜೊತೆಗಿರಬೇಕು. ಹುಡುಗಿಯಾದರೆ ಪರೀಕ್ಷೆ ಮಾಡುವವರು ಲೇಡಿ ಡಾಕ್ಟರೇ ಆಗಿರಬೇಕು. ತುರ್ತು ಚಿಕಿತ್ಸೆಗೆ ಆಸ್ಪತ್ರೆಯವರು ಮೊದಲು ಎಫ್‌ಐಆರ್ ತನ್ನಿ ಅನ್ನುವ ಹಾಗಿಲ್ಲ. ಈಗಷ್ಟೇ ಆಗಿದ್ದರೆ ಮಗುವಿಗೆ ಜಳಕ ಮಾಡಿಸದೆ, ಬಟ್ಟೆ ಒಗೆಯದೆ ಸೀದಾ ಸರಕಾರಿ ಆಸ್ಪತ್ರೆಗೆ ಹೋಗಿ.

'ಹಿರಿಯರು ಕೂತು ಬಗೆಹರಿಸೂಣು' ಅಂತ ಯಾರಾದರೂ ಬಂದೇ ಬರುತ್ತಾರೆ. ಒಪ್ಪಬೇಡಿ. ಇಂಥದ್ದು ಗೊತ್ತಿದ್ದೂ ತಿಳಿಸದೆ ಇರುವುದೇ ಆ ಕಾಯ್ದೆಯಲ್ಲಿ ಅಪರಾಧ. ಆ ಹಿರಿಯರಿಗೂ ಇದನ್ನು ಹೇಳಿ, ಬಾಯಿ ಕಟ್ಟುತ್ತೆ.

ಪ್ರಶ್ನೆ: ನಾನು ಬೆಳಗಾವಿ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನಮ್ಮಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾತಾಡುವ ಮಕ್ಕಳಿದ್ದಾರೆ. ಇವನ್ನು ಯಾವ ಭಾಷೆಯಲ್ಲಿ ಹೇಳಿಕೊಡಬೇಕು? ಪಾಲಕರು ಜಗಳಕ್ಕೆ ಬಂದರೆ? 'ಗುಡ್ ಟಚ್, ಬ್ಯಾಡ್ ಟಚ್' ಒಂದನ್ನೇ ಹೇಳಿದರೆ ಸಾಲದಾ?

ಉತ್ತರ: ಸಾಲದು. ವರ್ಷಕ್ಕೊಮ್ಮೆ ಯಾರೋ ಬಂದು ಇಂಗ್ಲಿಷ್ ಹಾಡು ಹೇಳಿಸಿ ಹೋಗುತ್ತಾರೆ, ಮಕ್ಕಳು ಕೈ ತಿರುಗಿಸಿ ಹೇಳುತ್ತವೆ, ಫೋಟೊ ಆಗುತ್ತೆ. ಎಲ್ಲಿ ಮುಟ್ಟಿದರೆ ಬ್ಯಾಡ್ ಅಂತ ಕೇಳಿ, ಆ ಕಡೆ ಈ ಕಡೆ ನೋಡುತ್ತವೆ. ಅದೂ ಅಲ್ಲದೆ ಕೆಟ್ಟ ಮುಟ್ಟುವಿಕೆ ಯಾವಾಗಲೂ ನೋಯುವುದಿಲ್ಲ, ಚಾಕಲೇಟ್ ಕೊಟ್ಟು, ಕಚಗುಳಿ ಇಟ್ಟು ಶುರುವಾಗುತ್ತೆ. ಇಂಜೆಕ್ಷನ್ ನೋಯುತ್ತೆ, ಅದು ಕೆಟ್ಟದ್ದಲ್ಲ. ಮೂರು-ನಾಲ್ಕು ವರ್ಷದ ಮಗುವಿಗೆ ಹೀಗೆ ಹೇಳಿ: ಚಡ್ಡಿ ಮುಚ್ಚುವ ಜಾಗ ನಿನ್ನದು. ತೊಳೆಯಲು ಅವ್ವ ಅಥವಾ ಆಯಿ, ನೋವಿದ್ದರೆ ಅವ್ವ ಜೊತೆಗಿದ್ದಾಗ ಡಾಕ್ಟರ್. ಬೇರೆ ಯಾರಾದರೂ ಮುಟ್ಟಿದರೆ, ಅವರದ್ದು ಮುಟ್ಟು ಅಂದರೆ, ಫೋಟೊ ತೆಗೆದರೆ ಬಂದು ಹೇಳು. ತೊಳೆಯುವವರೇ ನಿನಗೆ ಬೇಡ ಅನ್ನಿಸುವ ಹಾಗೆ ಮುಟ್ಟಿದರೂ ಹೇಳು. 'ಯಾರಿಗೂ ಹೇಳಬೇಡ' ಅಂದರೆ ಮೊದಲು ಬಂದು ಹೇಳು.

ಭಾಷೆ ಅಂದರೆ ಮಗು ಅಳುವಾಗ ಯಾವ ಭಾಷೆಯಲ್ಲಿ ಅಳುತ್ತೋ ಅದೇ. ಮರಾಠಿ ಮಕ್ಕಳಿಗೆ ತೊಂದರೆಯಿಲ್ಲ, ಅಲ್ಲೂ ಶಿಶ್ನ, ಯೋನಿ ಅಂತಲೇ. ಉರ್ದು ಮನೆಯ ಮಾತನ್ನು ಆ ತಾಯಂದಿರ ಹತ್ತಿರವೇ ಕೇಳಿ ಬರೆದಿಟ್ಟುಕೊಳ್ಳಿ, ನಿಮಗೂ ಸಹಾಯಕಿಗೂ ಗೊತ್ತಿರಲಿ.

ಪಾಲಕರಿಗೆ ಮೊದಲೇ ತಿಳಿಸಿ. ತಾಯಂದಿರ ಸಭೆಯಲ್ಲಿ ಗೋಡೆಯ ಮೇಲಿನ ದೇಹದ ಪಟ ತೋರಿಸಿ, ಹೊಟ್ಟೆ ಆದ ಮೇಲೆ ಸೀದಾ ಮೊಣಕಾಲಿಗೆ ಜಿಗಿದಿರುತ್ತದಲ್ಲ, ನಡುವೆ ಏನೂ ಇಲ್ಲವಾ ಅಂತ ಕೇಳಿ. ನಗುತ್ತಾರೆ, ನಕ್ಕ ಮೇಲೆ ಮಾತು ಸುಲಭ. ತಂದೆಯಂದಿರಿಗೆ ಬೇರೆ ಒಂದು ಸಂಜೆ ಇಡಿ, ಮೇಲ್ವಿಚಾರಕಿಯವರಿಗೆ ಹೇಳಿ ಪಿಎಚ್‌ಸಿಯ ಡಾಕ್ಟರನ್ನು ಕರೆಸಿ. ಇಷ್ಟಾದರೂ ಒಬ್ಬಿಬ್ಬರು ಕೂಗಾಡಬಹುದು. ಅಂಥವರನ್ನು ಆ ದಿನ ಬಿಟ್ಟು, ಜಂತುಹುಳುವಿನ ಗುಳಿಗೆ ಕೊಡುವ ದಿನ ಮತ್ತೆ ಮಾತಾಡಿಸಿ. ಗುಳಿಗೆ ಯಾಕೆ ಅಂತ ಹೇಳುವಾಗ ಗುದ ಅನ್ನೋ ಮಾತು ಹೆಂಗೂ ಬಂದೇ ಬರುತ್ತೆ.